ಗುಡದಪ್ಪ ಓಡಲಿಲ್ಲ

ಕಂದಕ ಅಗೆದವರು ಕೇರಿಯವರು.

ಏಪ್ರಿಲ್ ಬಿಸಿಲಿಗೆ ಎರೆಹೊಲ ಕಲ್ಲಾಗಿತ್ತು. ಗುದ್ದಲಿ ಹಾಕಿದರೆ ಠಣ್ ಅಂತ ಹಿಂದಕ್ಕೆ ಪುಟಿಯುತ್ತಿತ್ತು. ಹಾರೆಯನ್ನು ಬಿರುಕಿಗೆ ತೂರಿಸಿ ಇಬ್ಬರು ಅದರ ಮೇಲೆ ಜೋತುಬಿದ್ದರೆ ಒಂದು ಹೆಂಟೆ ಏಳುತ್ತಿತ್ತು. ಗಂಡಸರು ಹೆಂಟೆ ಏಳಿಸಿದರು. ಹೆಂಗಸರು ಬುಟ್ಟಿಯಲ್ಲಿ ಹೊತ್ತು ದಂಡೆಗೆ ಸುರಿದರು. ಅಂಗೈಯಲ್ಲಿ ಗುಳ್ಳೆ ಎದ್ದವು, ಒಡೆದವು. ಒಡೆದ ಮೇಲೆ ಅರಿವೆ ಸುತ್ತಿಕೊಂಡು ಮತ್ತೆ ಹಾರೆ ಹಿಡಿದರು. ಆಳು ಮುಳುಗುವ ಕಂದಕ ಗೌಡರ ಹೊಲದಲ್ಲಿ ಡೊಂಕುಡೊಂಕಾಗಿ ಹರಿಯಿತು.

"ಬಿತ್ತಾಕ ಒಂದ ಗೇಣ ಭೂಮಿ ಕೊಡಂದ್ರ ಕೊಡಲಿಲ್ಲ. ತೆಗ್ಗ ತಗ್ಯಾಕ ಇಡೀ ಹೊಲಾನ ಬಿಟ್ಟಾರ ನೋಡ," ಎಂದ ರಾಮಪ್ಪ, ಹಾರೆಗೆ ಎದೆ ಕೊಟ್ಟು. ಕೇರಿಯಲ್ಲಿ ದೊಡ್ಡ ದನಿಯ ಮನುಷ್ಯ ಅಂದರೆ ಅವನೇ.

ತಿರ್ಲಾಪುರದಿಂದ ಯಮನೂರ ಕಡೆ ಹೋಗುವ ದಾರಿಯಲ್ಲಿದ್ದ ಆ ಊರಿಗೆ ಸಿನಿಮಾ ಬಂದಿತ್ತು. ಯುದ್ಧದ ಸಿನಿಮಾ. ಅರವತ್ತೈದರ ಲಡಾಯಿಯಲ್ಲಿ ಸತ್ತ ಲೆಫ್ಟಿನೆಂಟ್ ಮಡಿವಾಳೆಪ್ಪನ ಕಥೆ. ಮಡಿವಾಳೆಪ್ಪ ಅದೇ ಊರಿನ ಗೌಡ ಕುಬೇರಪ್ಪನ ತಮ್ಮ. ಗೌಡ ಮುಂದಿನ ಇಲೆಕ್ಷನ್ನಿಗೆ ನಿಲ್ಲುವವನಿದ್ದ. ಸಿನಿಮಾದವರಿಗೆ ಹೊಲ ಕೊಟ್ಟ, ವಾಡೆ ಕೊಟ್ಟ, ಊಟ ಹಾಕಿದ, ಆಳುಗಳನ್ನು ಕೊಟ್ಟ. ಆಳುಗಳು ಅಂದರೆ ಕೇರಿ.

ನಿರ್ದೇಶಕ ಬೆಂಗಳೂರಿನವನು. ಗಡ್ಡ, ಜುಬ್ಬ, ಕೊರಳಲ್ಲಿ ಜೋತಾಡುವ ಒಂದು ಗಾಜು. ಬಾಯಿ ತೆರೆದರೆ ಒಂದೇ ಮಾತು: ನೈಜವಾಗಿ ಬರಬೇಕು. ಕಂದಕ ನೈಜವಾಗಿರಬೇಕು, ಧೂಳು ನೈಜವಾಗಿರಬೇಕು. ಮೊದಲ ದಿನ ಅವನು ಮದ್ದು ಸಿಡಿಸಿದಾಗ ಹೊಲದಲ್ಲಿದ್ದವರೆಲ್ಲ ಬುಟ್ಟಿ ಎಸೆದು ಓಡಿದರು. ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಗಿ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಮಂದಿ ಪೊಲೀಸರು ಬಂದರೆಂದು ತಿಳಿದಿದ್ದರು. ನಿರ್ದೇಶಕ ಚಪ್ಪಾಳೆ ತಟ್ಟಿದ. "ಈ ಭಯ ಇದೆಯಲ್ಲ, ಇದು ಬೇಕು ನನಗೆ!"

ರೇವವ್ವ ಕಂದಕದ ಮಂದಿಗೆ ನೀರು ಹೊರುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು. ಒಣಕಲು ಮೈ, ನೆಟ್ಟಗಿನ ಬೆನ್ನು. ಅವಳ ಮಗ ಗುಡದಪ್ಪನೂ ಅದೇ ಲಡಾಯಿಯಲ್ಲಿ, ಅದೇ ಮಡಿವಾಳೆಪ್ಪನ ಕೈಕೆಳಗೆ ಸಿಪಾಯಿಯಾಗಿದ್ದು ಸತ್ತವನು. ಸಿನಿಮಾದಲ್ಲಿ ಅವನೂ ಇರುತ್ತಾನೆಂದು ಅವಳು ತಿಳಿದಿದ್ದಳು. ಯಾರನ್ನೂ ಕೇಳಿರಲಿಲ್ಲ. ಕೇಳುವುದೇನು? ಕಂದಕದಲ್ಲಿ ಇಬ್ಬರಿದ್ದರು. ಇಬ್ಬರನ್ನು ತೋರಿಸುತ್ತಾರೆ. ಅಷ್ಟೇ ಅವಳ ಲೆಕ್ಕ.

ಕಂದಕ ಮುಗಿದ ಮೇಲೆ ಹೆಣಗಳು ಬೇಕಾದವು.

"ಸತ್ತವರ ರಾಶಿ ಬೇಕು," ಎಂದ ನಿರ್ದೇಶಕ. ಕೇರಿಯ ಹುಡುಗರಿಗೂ ಮೇಲಿನ ಓಣಿಯ ಹುಡುಗರಿಗೂ ಒಂದೇ ಬಣ್ಣದ ಮಿಲಿಟರಿ ಅರಿವೆ ತೊಡಿಸಿದರು. ಮೈಮೇಲೆ ಕೆಂಪು ಬಣ್ಣ ಸುರಿದರು. ಅರಿವೆ ಒಂದೇ, ನೆತ್ತರ ಬಣ್ಣ ಒಂದೇ. ಆದರೆ ಕಂದಕಕ್ಕೆ ಇಳಿಯುವಾಗ ಮೇಲಿನ ಓಣಿಯವರು ದಂಡೆಯ ಮೇಲೇ ನಿಂತುಬಿಟ್ಟರು.

"ಅವರ ಮೈಮ್ಯಾಲ ಬೀಳಬೇಕೇನ್ರಿ ನಾವು?"

"ಹೌದು ಕಣ್ರಯ್ಯ. ಯುದ್ಧದಲ್ಲಿ ಹಾಗೇ ಬೀಳೋದು."

"ಆಗಂಗಿಲ್ರಿ. ಮನ್ಯಾಗ ಒಳಗ ಬಿಟಗೊಳ್ಳಂಗಿಲ್ಲ ನಮ್ಮನ್ನ."

ರಾಮಪ್ಪ ಆಗಲೇ ತಳದಲ್ಲಿ ಅಂಗಾತ ಬಿದ್ದಿದ್ದ. ಕಣ್ಣು ಮುಚ್ಚಿಕೊಂಡೇ ಅಂದ: "ಬರ್ರಿ ಸಾವಕಾರ, ಬೀಳ್ರಿ. ಉಸರ ಹಿಡದಿರತೇನಿ. ನನ್ನ ಗಾಳೀನೂ ತಾಗಂಗಿಲ್ಲ ನಿಮಗ."

ಯಾರೂ ನಗಲಿಲ್ಲ. ನಿರ್ದೇಶಕ ಗಡ್ಡ ಕೆರೆದ. ಗೌಡ ಅವನ ಕಿವಿಯಲ್ಲಿ ಏನೋ ಅಂದ. ಕಡೆಗೆ ಮಣ್ಣು ತುಂಬಿದ ಚೀಲಗಳನ್ನು ತರಿಸಿ ಕಂದಕದ ನಡುವೆ ಅಡ್ಡ ಒಟ್ಟಿಸಿದರು. ಚೀಲ ಹೊತ್ತವರೂ ಕೇರಿಯವರೇ. ಚೀಲದ ಆ ಕಡೆ ಮೇಲಿನ ಓಣಿಯವರು ಸತ್ತರು. ಈ ಕಡೆ ಕೇರಿಯವರು ಸತ್ತರು. ಕ್ಯಾಮೆರಾದವನು ಹೊಟ್ಟೆಯ ಮೇಲೆ ಮಲಗಿ ಒಂದು ಕಣ್ಣು ಮುಚ್ಚಿ ನೋಡಿದ.

"ಈ ಆಂಗಲ್ಲಿಂದ ಚೀಲ ಕಾಣಲ್ಲ ಸಾರ್. ಒಂದೇ ರಾಶಿ."

"ಅದ್ಭುತ! ಎಷ್ಟು ನೈಜವಾಗಿದೆ ನೋಡಿ!"

ಬಿಸಿಲು ನೆತ್ತಿಗೆ ಬರುವತನಕ ಸತ್ತವರು ಏಳುವ ಹಾಗಿರಲಿಲ್ಲ. ನೊಣ ಕೂತರೆ ಕೈ ಬೀಸುವ ಹಾಗಿರಲಿಲ್ಲ. ರೇವವ್ವ ಕೊಡ ಹೊತ್ತು ಈ ಕಡೆಯ ಹೆಣಗಳ ಬಾಯಿಗೆ ಮಾತ್ರ ನೀರು ಬಿಟ್ಟಳು. ಆ ಕಡೆಯ ಹೆಣಗಳಿಗೆ ಬೇರೆ ಕೊಡ ಇತ್ತು.

ಹೊತ್ತು ಇಳಿದ ಮೇಲೆ ಇನ್ನೊಂದು ದೃಶ್ಯ. ಲೆಫ್ಟಿನೆಂಟ್ ಆದ ಹೀರೋ ಒಬ್ಬನೇ ಬಂದೂಕು ಹಿಡಿದು ಕಂದಕದಲ್ಲಿ ನಿಂತಿದ್ದ. ಅವನ ಹಿಂದೆ ಚಹಾದ ಕಿಟ್ಲಿ ಹಿಡಿದುಕೊಂಡು ಒಬ್ಬ ಡೊಳ್ಳುಹೊಟ್ಟೆಯವನು. ಹುಬ್ಬಳ್ಳಿಯ ನಾಟಕ ಕಂಪನಿಯ ನಗೆಗಾರ. ನಿರ್ದೇಶಕ ತುತ್ತೂರಿಯಲ್ಲಿ ಕೂಗಿದ:

"ರೆಡಿ! ಬಾಂಬ್! ಗುಡ್ಯಾ, ಈಗ ಓಡು! ಗುಡ್ಯಾ, ಓಡು!"

ಮದ್ದು ಸಿಡಿಯಿತು. ಡೊಳ್ಳುಹೊಟ್ಟೆಯವನು ಕಿಟ್ಲಿ ಎಸೆದ. "ಯವ್ವೋ, ಸತ್ನೆಬೇ ಯವ್ವೋ!" ಎಂದು ಬೊಬ್ಬೆ ಹೊಡೆದು ಕಂದಕ ಹತ್ತಿ ಓಡಿದ. ಓಡುತ್ತ ಓಡುತ್ತ ಅವನ ಚೊಣ್ಣ ಜಾರಿತು. ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ತಲೆ ಹಿಡಿದು ಜಾಲಿಕಂಟಿಯ ಹಿಂದೆ ಹೋಗಿ ಕುಕ್ಕರಿಸಿದ. ನೋಡಲು ನೆರೆದಿದ್ದ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಂದಕದಲ್ಲಿ ಸತ್ತು ಬಿದ್ದವರೂ ನಕ್ಕರು.

"ಕಟ್! ಹೆಣಗಳು ನಗಬಾರದು ಕಣ್ರೀ!"

ಫಕೀರವ್ವ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ರೇವವ್ವನ ಬಾಜೂ ಮನೆಯವಳು, ವಾರಿಗೆಯವಳು. ನಗುತ್ತ ನಗುತ್ತ ಅವಳಿಗೆ ಹೆಸರು ನೆನಪಾಯಿತು. ಸೆರಗು ಬಾಯಿಗೆ ಹೋಯಿತು. ಸಣ್ಣವನಿದ್ದಾಗ ಗುಡದಪ್ಪನನ್ನು ಊರೆಲ್ಲ ಕರೆಯುತ್ತಿದ್ದದ್ದು ಗುಡ್ಯಾ ಅಂತಲೇ.

ಕೇರಿಯವರ ನಗು ಒಬ್ಬೊಬ್ಬರದೇ ನಿಂತಿತು. ಎಲ್ಲರೂ ರೇವವ್ವನನ್ನು ನೋಡಿದರು. ಅವಳು ಕೊಡವನ್ನು ಮೆಲ್ಲಗೆ ನೆಲಕ್ಕಿಟ್ಟಳು. ಉರುಳದ ಹಾಗೆ ಒಂದು ಹೆಂಟೆ ಒತ್ತುಕೊಟ್ಟಳು. ಆಮೇಲೆ ನೆಟ್ಟಗೆ ನಿರ್ದೇಶಕನ ಕುರ್ಚಿಯ ಕಡೆ ನಡೆದಳು.

"ಸಾಹೇಬ್ರ, ನನ್ನ ಮಗ ಓಡಲಿಲ್ರಿ."

"ಯಾರಮ್ಮ ನಿಮ್ಮ ಮಗ?"

"ಗುಡದಪ್ಪ. ನೀವು ಗುಡ್ಯಾ ಗುಡ್ಯಾ ಅಂತ ಓಡಸಾಕತ್ತೀರಲ್ಲ, ಅಂವ. ಕಿಟ್ಲಿ ಹಿಡದಂವಲ್ಲ. ಬಂದೂಕ ಹಿಡದಂವ. ಅಲ್ಲೇ ಸತ್ತಾನ್ರಿ."

ನಿರ್ದೇಶಕ ಗೌಡನ ಕಡೆ ನೋಡಿದ. ಗೌಡ ಬೇರೆ ಕಡೆ ನೋಡುತ್ತಿದ್ದ.

"ನೋಡಿಯಮ್ಮ, ಇದು ಸಿನಿಮಾ. ಮೂರು ಗಂಟೆ ಬರೀ ಸಾವು ತೋರಿಸಿದರೆ ಜನ ಎದ್ದು ಹೋಗ್ತಾರೆ. ಒಂಚೂರು ನಗು ಬೇಕು."

"ನಗಸ್ರಿ. ಬ್ಯಾಡ ಅನ್ನಂಗಿಲ್ಲ. ಬ್ಯಾರೆ ಹೆಸರ ಇಡ್ರಿ."

"ಹೆಸರು ಗೌಡರು ಕೊಟ್ಟದ್ದು. ಅವರನ್ನೇ ಕೇಳಿ." ಅವನು ಕೊರಳಿನ ಗಾಜನ್ನು ಕಣ್ಣಿಗೆ ಹಿಡಿದು ಮೋಡ ನೋಡತೊಡಗಿದ. "ಅಂದಹಾಗೆ, ನೀವೇ ಅಲ್ವಾ ಚೆನ್ನಾಗಿ ಅಳೋರು? ಕೊನೇ ದೃಶ್ಯಕ್ಕೆ ನೀವು ಬೇಕು."

ಅವಳು ಚೆನ್ನಾಗಿ ಅಳುತ್ತಿದ್ದಳು. ಅದು ಸುಳ್ಳಲ್ಲ.

ವಾಡೆಯಲ್ಲಿ ಸಾವಾದರೆ ಕೇರಿಯ ಹೆಂಗಸರು ಹೋಗಿ ಅಂಗಳದ ಹೊರಗೆ ಕೂತು ಹಾಡಿಕೊಂಡು ಅಳಬೇಕು. ಸತ್ತವರ ರೂಪ, ಗುಣ, ನಡೆದದ್ದು, ಕುದುರೆ ಹತ್ತಿದ್ದು, ಎಲ್ಲ ಹಾಡಿನಲ್ಲಿ ಬರಬೇಕು. ಎದೆ ಬಡಿದುಕೊಳ್ಳಬೇಕು. ಹೆಣ ಎತ್ತುವತನಕ ದನಿ ನಿಲ್ಲಬಾರದು. ಮನೆಯವರು ಒಳಗೆ ಗಂಜಿ ಕುಡಿದು ಬಂದು ಮತ್ತೆ ಕೂರಬಹುದು. ಇವರು ಏಳುವ ಹಾಗಿಲ್ಲ. ಗೌಡರ ದುಃಖ ಊರಿಗೆ ಕೇಳಬೇಕಲ್ಲ. ಆ ಕೆಲಸದಲ್ಲಿ ರೇವವ್ವನ ಅತ್ತೆ ಹೆಸರಾದವಳು. ಅತ್ತೆಯ ತರುವಾಯ ರೇವವ್ವ.

ಅರವತ್ತೈದರಲ್ಲಿ ಮಡಿವಾಳೆಪ್ಪ ಸತ್ತ ಸುದ್ದಿ ಬಂದಾಗ ವಾಡೆಯಿಂದ ಆಳು ಬಂತು. ಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳು ಕೈಯಲ್ಲಿದ್ದ ಕುರ್ಚಿಗಿ ಅಲ್ಲೇ ಬಿಟ್ಟು ಹೋದಳು. ಹೆಣ ಬಂದಿರಲಿಲ್ಲ, ಬರುವುದೂ ಇರಲಿಲ್ಲ. ಹೆಣ ಎತ್ತುವತನಕ ಅಳಬೇಕು ಅಂದರೆ ಎಲ್ಲಿಯತನಕ? ಮೂರು ದಿನ ಅತ್ತಳು. ಮಡಿವಾಳೆಪ್ಪ ಒಳ್ಳೆಯ ಹುಡುಗ. ಗುಡದಪ್ಪನನ್ನು ಮಿಲಿಟರಿಗೆ ಸೇರಿಸಿದವನೇ ಅವನು. ಅಲ್ಲಿ ಇಬ್ಬರೂ ಒಂದೇ ಪಾತ್ರೆಯ ಅನ್ನ ಉಣ್ಣುತ್ತೇವೆ ಎಂದು ಮಗ ರಜೆಯಲ್ಲಿ ಬಂದಾಗ ದನಿ ತಗ್ಗಿಸಿ ಹೇಳಿದ್ದ. ಅದಕ್ಕೇ ಅವಳು ಹೊಟ್ಟೆಯಿಂದಲೇ ಅತ್ತಳು. ಮೂರನೆಯ ದಿನ ಗಂಟಲು ಹರಿದು ಉಗುಳಿನಲ್ಲಿ ನೆತ್ತರು ಬಂತು.

ಅದೇ ದಿನ ಯಮನೂರಿನ ಇಮಾಮುದ್ದೀನ ಬಂದ. ಮಿಲಿಟರಿಯಲ್ಲಿ ಟ್ರಕ್ ಹೊಡೆಯುವವನು. ಬಾಯಿಗೆ ಹಸಿರು ಅರಿವೆ ಕಟ್ಟಿದ ಒಂದು ಗಡಿಗೆಯನ್ನು ಎದೆಗೆ ಅವಚಿಕೊಂಡು ವಾಡೆಯ ಒಳಗೆ ಹೋದ. ಹೊರಗೆ ಬರುವಾಗ ಕೈ ಖಾಲಿ ಇತ್ತು. ಅಳುವವರ ಕಡೆ ನೋಡದೆ ನಡೆದುಹೋದ. ಸಂಜೆ ಕೇರಿಗೆ ಬಂದು ರೇವವ್ವನ ಗುಡಿಸಲ ಮುಂದೆ ನೆಲದ ಮೇಲೆ ಕೂತ.

"ಅವ್ವಾ, ಹಿಂದಕ್ಕ ಬರ್ರಿ ಅಂತ ಹುಕುಂ ಆಗಿತ್ತು. ಸಾಹೇಬ್ರ ಕಾಲ ಹೋಗಿತ್ತು. ಗುಡದಪ್ಪ ಅವರನ್ನ ಬಿಟ್ಟ ಬರಲಿಲ್ಲ. ಹೆಗಲ ಮ್ಯಾಲ ಹಾಕ್ಕೊಂಡ ಏಳೂದಕ್ಕ, ತೋಫಿನ ಗುಂಡ ಇಬ್ಬರ ಮ್ಯಾಲೂ ಬಿತ್ತು. ಯಾವ ಕೈ ಯಾರದು, ಯಾವ ಕಾಲ ಯಾರದು ತಿಳೀಲಿಲ್ಲ ನಮಗ. ಎಲ್ಲಾ ಒಟ್ಟ ಮಾಡಿ ಒಂದ ಬೆಂಕಿ ಇಟ್ವಿ. ಒಂದ ಗಡಗಿ ತಂದೀನಿ. ಇಬ್ಬರದೂ ಅದರಾಗ ಐತಿ. ನಿಮಗೂ ಪಾಲ ಕೊಡ್ರಿ ಅಂತ ದೊಡ್ಡ ಗೌಡ್ರಿಗೆ ಹೇಳೇನಿ. ಬಾಯಿ ಮುಚಗೊಂಡ ಹೋಗು ಅಂದ್ರು."

ಕುಬೇರಪ್ಪನ ಅಪ್ಪ ಆಗ ಗೌಡ. ರೇವವ್ವ ವಾಡೆಗೆ ಓಡಿದಳು. ವಾಡೆಯವರು ಸುಡುವವರಲ್ಲ, ಹೂಳುವವರು. ಕೇರಿಯವರೂ ಹೂಳುವವರೇ. ಇಬ್ಬರನ್ನೂ ಸುಟ್ಟದ್ದು ಮಿಲಿಟರಿ. ಅವಳು ಹೋಗುವಷ್ಟರಲ್ಲಿ ಗೌಡರ ಹೊಲದ ಬೇವಿನ ಮರದ ಹತ್ತಿರ ಗಡಿಗೆ ಮಣ್ಣಿಗಿಳಿದಿತ್ತು. ಅಯ್ಯನವರು ಮಂತ್ರ ಹೇಳುತ್ತಿದ್ದರು. ಮೇಲೆ ಗದ್ದಿಗೆಯ ಕಲ್ಲು ಕೂರಿಸುತ್ತಿದ್ದರು. ಆಳುಗಳು ಅವಳನ್ನು ಬೇವಿನ ಮರದಾಚೆಗೇ ತಡೆದರು. ಮಗನ ಹೆಸರು ಹಿಡಿದು ಕೂಗಬೇಕೆಂದು ಬಾಯಿ ತೆರೆದಳು. ಗಂಟಲಲ್ಲಿ ದನಿ ಇರಲಿಲ್ಲ. ಇದ್ದ ದನಿಯೆಲ್ಲ ವಾಡೆಗೆ ಆಗಿತ್ತು. ಬಾಯಿ ತೆರೆದದ್ದು ತೆರೆದೇ ಇತ್ತು, ಒಂದು ಸಪ್ಪಳ ಬರಲಿಲ್ಲ.

ಗುಡದಪ್ಪ ಸತ್ತನೆಂದು ಸರಕಾರದ ಕಾಗದ ಆಮೇಲೆ ಬಂತು. ಅವನಿಗಾಗಿ ಅತ್ತವರು ಯಾರೂ ಇರಲಿಲ್ಲ.

ಅಂದಿನಿಂದ ಸೋಮವಾರಕ್ಕೊಮ್ಮೆ ಆ ಗದ್ದಿಗೆಗೆ ಪೂಜೆ. ವಾಡೆಯವರು ತೀರ್ಥ ತೆಗೆದುಕೊಳ್ಳುತ್ತಾರೆ. ಕೇರಿಯವರು ಬೇವಿನ ಮರ ದಾಟುವ ಹಾಗಿಲ್ಲ. ಗಡಿಗೆಯ ಮಾತು ಕೇರಿಗೆಲ್ಲ ಗೊತ್ತಿತ್ತು. ವಾಡೆಗೂ ಗೊತ್ತಿತ್ತು. ಬಾಯಲ್ಲಿ ಆಡಿದವರಿಲ್ಲ. ಇಮಾಮುದ್ದೀನ ಹೋದ ವರ್ಷ ತೀರಿಕೊಂಡ.

ಆ ಸಂಜೆ ರೇವವ್ವ ವಾಡೆಯ ಕಟ್ಟೆಯ ಕೆಳಗೆ ನಿಂತಳು. ಕುಬೇರಪ್ಪ ಗೌಡ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ.

"ಏನಬೇ ರೇವಿ, ಸಿನಿಮಾದವರ ಕುರ್ಚಿಗೆ ಹೋಗಿ ನಿಲ್ಲೂವಷ್ಟ ದೊಡ್ಡಾಕಿ ಆದೀ?"

"ಗೌಡ್ರ, ಅವನ್ನ ಓಡಸಬ್ಯಾಡ್ರಿ."

"ಅದು ಆಟ ಬೇ."

"ಆಟದಾಗ ನಿಮ್ಮ ತಮ್ಮನ್ನ ಓಡಿಸ್ರಿ ಹಂಗಾರ."

ಅಡಕತ್ತರಿ ನಿಂತಿತು. ಗೌಡ ಅವಳನ್ನು ದಿಟ್ಟಿಸಿದ. ಅವಳು ಕಣ್ಣು ಕೆಳಗೆ ಮಾಡಲಿಲ್ಲ. ಕೇರಿಯವರ ಕಣ್ಣನ್ನು ಗೌಡ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ನಿನ್ನ ಮಗ ಓಡಿಲ್ಲ ಅನ್ನೂದನ್ನ ನೀ ನೋಡೀ ಏನು? ಯಾರ ನೋಡ್ಯಾರ? ಹೇಳಿದಂವ ಸತ್ತ ಮಣ್ಣಾಗ್ಯಾನ." ಅಡಕತ್ತರಿ ಮತ್ತೆ ಕಟಕಟ ಅಂದಿತು. "ಒಂದ ಕಂದಕದಾಗ ಒಬ್ಬನ ಹುಲಿ ಇರಬೇಕು. ನಾಳಿ ಗದ್ದಿಗಿ ಮುಂದ ಅಳೂ ದೃಶ್ಯ ಐತಿ. ಕೇರಿ ಹೆಂಗಸರನ್ನ ಕರಕೊಂಡ ಬಾ. ಬರಲಿಲ್ಲ ಅಂದ್ರ, ಮಳಿ ಬಿದ್ದಾಗ ಬಿತ್ತಾಕ ಯಾರೂ ನಿಮ್ಮನ್ನ ಕರಿಯಂಗಿಲ್ಲ. ತಿಳೀತಿಲ್ಲೋ?"

ಮರುದಿನ ಬೆಳಿಗ್ಗೆ ಅವಳು ಕಿರಾಣಿ ಅಂಗಡಿಗೆ ಹೊರಟಾಗ ಮೇಲಿನ ಓಣಿಯ ಹುಡುಗರು ಕೇರಿಯ ಹುಡುಗರ ಬೆನ್ನು ಹತ್ತಿದ್ದರು. "ಗುಡ್ಯಾನ ಮಂದಿ, ಓಡ್ರಲೇ! ಚೊಣ್ಣ ಹಿಡ್ಕೊಂಡ ಓಡ್ರಲೇ!" ಕೇರಿಯ ಹುಡುಗರು ನಿಜಕ್ಕೂ ಓಡುತ್ತಿದ್ದರು. ಒಬ್ಬ ಅಳುತ್ತಿದ್ದ. ಸಿನಿಮಾ ಇನ್ನೂ ಪರದೆಗೆ ಬಂದಿರಲಿಲ್ಲ. ಬಂದ ಮೇಲೆ? ಹುಬ್ಬಳ್ಳಿ, ಗದಗ, ಅಣ್ಣಿಗೇರಿ, ಎಲ್ಲ ಕಡೆ ಅವನು ಓಡುತ್ತಾನೆ. ದಿನಕ್ಕೆ ನಾಲ್ಕು ಆಟ ಓಡುತ್ತಾನೆ. ಅವಳು ಸತ್ತ ಮೇಲೂ ಓಡುತ್ತಾನೆ.

ಉಪ್ಪು ತರಲು ಹೋದವಳು ಉಪ್ಪು ತರದೆ ತಿರುಗಿ ಬಂದಳು.

ಕೇರಿಯ ಬಾವಿಯ ಹತ್ತಿರ ಹೆಂಗಸರು ಸೇರಿದ್ದರು.

"ನಾ ಅಳಂಗಿಲ್ಲ," ಎಂದಳು ರೇವವ್ವ.

"ಅಳದಿದ್ರ ಬಿತ್ತಾಕ ಕರಿಯಂಗಿಲ್ಲಂತ ಯಕ್ಕಾ," ಎಂದಳು ಫಕೀರವ್ವ. "ನನಗ ಮೂರ ಮೊಮ್ಮಕ್ಕಳ ಅದಾವು. ಹೊಟ್ಟಿ ಏನ ಕೇಳತೈತಿ?"

"ನಿಮಗ ಬ್ಯಾಡ ಅನ್ನಂಗಿಲ್ಲಬೇ ನಾ. ನಿಮ್ಮ ಗಂಟಲಾ ನಿಮ್ಮದು. ನನ್ನದು ಒಮ್ಮೆ ಕೊಟ್ಟ ಬಂದೀನಿ. ಎರಡನೇ ಸಲ ಕೊಡಂಗಿಲ್ಲ."

ಹಗ್ಗ ಬಾವಿಗಿಳಿಯಿತು, ಮೇಲೆ ಬಂತು. ಫಕೀರವ್ವ ಕೊಡ ಎತ್ತಿಕೊಂಡು ಹಿಂದೆ ನೋಡದೆ ಹೋದಳು. ಯಾರ ಮನಸ್ಸಿನಲ್ಲಿ ಏನಿತ್ತೋ ರೇವವ್ವನಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಗದ್ದಿಗೆಯ ಹತ್ತಿರ ಊರು ನೆರೆಯಿತು. ಗದ್ದಿಗೆಗೆ ಸುಣ್ಣ ಹಚ್ಚಿ ಹೂವಿನ ಮಾಲೆ ಹಾಕಿದ್ದರು. ಬಿಸಿಲನ್ನು ತಿರುಗಿಸಿ ಮುಖಕ್ಕೆ ಹೊಡೆಯುವ ಬಿಳಿ ಹಲಗೆಗಳನ್ನು ಹಿಡಿದು ಹುಡುಗರು ನಿಂತಿದ್ದರು. ಬೆಂಗಳೂರಿನ ಒಬ್ಬ ನಟಿ ಮಡಿವಾಳೆಪ್ಪನ ತಾಯಿಯ ವೇಷ ಹಾಕಿ, ಕಣ್ಣಿಗೆ ಏನೋ ಹಚ್ಚಿಸಿಕೊಂಡು ನೀರು ಸುರಿಸುತ್ತಿದ್ದಳು. ನಿಜವಾದ ತಾಯಿ ಗೌರಕ್ಕ ಆಳುಗಳು ತಂದಿಟ್ಟ ಕುರ್ಚಿಯಲ್ಲಿ ಕೂತಿದ್ದಳು. ಎಂಬತ್ತು ದಾಟಿದ ಜೀವ. ತನ್ನ ವೇಷ ಹಾಕಿದವಳನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ಕೇರಿಯ ಹೆಂಗಸರನ್ನು ಬೇವಿನ ಮರದಾಚೆ ಕೂರಿಸಿದರು. ಎಲ್ಲರೂ ಬಂದಿದ್ದರು. ಫಕೀರವ್ವ ಎಲ್ಲರಿಗಿಂತ ಮುಂದೆ ಕೂತಿದ್ದಳು. ಹಿಂದೆ ಕೂತಿದ್ದ ರೇವವ್ವ ಅವಳ ಬೆನ್ನನ್ನು ನೋಡಿದಳು. ಗಂಡಸರು ದೂರದಲ್ಲಿ ನಿಂತಿದ್ದರು.

"ನಿಮ್ಮ ಪದ್ಧತಿ ಹೇಗಿದೆಯೋ ಹಾಗೇ ಅಳಿ," ಎಂದ ನಿರ್ದೇಶಕ. "ಎದೆ ಬಡ್ಕೊಳ್ಳಿ. ನೈಜವಾಗಿ ಬರಬೇಕು. ಸೈಲೆನ್ಸ್! ಕ್ಯಾಮೆರಾ! ಆಕ್ಷನ್!"

ನಟಿ ಗದ್ದಿಗೆಯ ಮೇಲೆ ಬಿದ್ದು ಬಿಕ್ಕಿದಳು. ಕೇರಿಯ ಕಡೆಯಿಂದ ದನಿ ಏಳಬೇಕಾಗಿತ್ತು.

ಫಕೀರವ್ವ ಬಾಯಿ ತೆರೆದಳು. ಸೊಂಟದ ಸಂಚಿ ಬಿಚ್ಚಿದಳು. ಒಂದು ಚಿಟಿಕೆ ತಂಬಾಕು ತೆಗೆದಳು. ತೆರೆದ ಬಾಯಿಗೆ ಇಟ್ಟಳು. ಮುಚ್ಚಿದಳು. ನಿಧಾನಕ್ಕೆ ಜಗಿಯತೊಡಗಿದಳು.

ಯಾವ ಹೆಂಗಸೂ ಅಳಲಿಲ್ಲ.

"ಕಟ್! ಅಳೀಮ್ಮಾ! ಏನಾಯ್ತು?"

ಮತ್ತೆ ಕ್ಯಾಮೆರಾ. ಮತ್ತೆ ಆಕ್ಷನ್. ನಟಿಯ ಬಿಕ್ಕು ಮಾತ್ರ ಕೇಳಿಸಿತು. ಬೇವಿನ ಎಲೆ ಅಲುಗಿದ್ದು ಕೇಳಿಸಿತು. ಕೇರಿಯ ಹೆಂಗಸರು ಒಣ ಕಣ್ಣಿನಲ್ಲಿ ಕ್ಯಾಮೆರಾವನ್ನೇ ನೋಡುತ್ತಿದ್ದರು.

ಗೌಡ ಕೋಲು ಊರಿಕೊಂಡು ದಾಪುಗಾಲು ಹಾಕಿ ಬಂದ. "ಏನಬೇ ಇದು? ಮಂದಿ ಮುಂದ ಮಾನ ಕಳೀತೀರೇನು? ರೇವೀ, ಸುರು ಮಾಡು!"

ರೇವವ್ವ ಎದ್ದು ನಿಂತಳು. ಗೌಡನನ್ನು ಬಿಟ್ಟು ನಿರ್ದೇಶಕನ ಕಡೆ ತಿರುಗಿದಳು.

"ಸಾಹೇಬ್ರ, ನಿಮಗ ಖರೇ ಖರೇ ಬೇಕಲ್ರಿ? ಆ ಕಂದಕದಾಗಿನ ಚೀಲ ತಗೀರಿ. ನನ್ನ ಮಗನ್ನ ಗೌಡ್ರ ತಮ್ಮನ ಬಾಜೂ ಮಲಗಸ್ರಿ. ಮೈಗೆ ಮೈ ಹಚ್ಚಿ ಮಲಗಸ್ರಿ. ಅವತ್ತ ಹಂಗ ಬಿದ್ದಿದ್ರು ಅವರು. ಅಷ್ಟ ಮಾಡ್ರಿ. ಅಳತೇನಿ. ಗಂಟಲಾ ಹರಿಯೂತನಕ ಅಳತೇನಿ."

"ನಾಲಿಗಿ ಕೀಳಸತೇನ ನೋಡ!" ಗೌಡನ ಕೋಲು ಮೇಲೆದ್ದಿತು. "ನಿನ್ನ ಮಗನ್ನ ನನ್ನ ತಮ್ಮನ ಬಾಜೂ? ಬೇಂವಿನ ಗಿಡಾ ದಾಟಾಕ ಯೋಗ್ಯತೆ ಇಲ್ಲ ನಿಮಗ!"

"ನನಗಿಲ್ರಿ. ಅವಗೈತಿ. ಅಂವ ದಾಟಿ ಹೋಗಿ ಹತ್ತೊಂಬತ್ತ ವರ್ಷಾತು."

ಅವಳು ಬೇವಿನ ಮರ ದಾಟಿದಳು. ತಡೆಯಲು ಬಂದ ಆಳು ಹತ್ತಿರ ಬಂದು ನಿಂತ. ತಡೆಯಬೇಕಾದರೆ ಮುಟ್ಟಬೇಕು. ಅವನ ಕೈ ಗಾಳಿಯಲ್ಲೇ ಉಳಿಯಿತು. ಅವಳು ಅವನ ಪಕ್ಕದಿಂದಲೇ ನಡೆದು ಸುಣ್ಣ ಹಚ್ಚಿದ ಕಟ್ಟೆಯನ್ನು ಹತ್ತಿದಳು. ನಟಿ ಗಾಬರಿಯಾಗಿ ಎದ್ದು ಸರಿದಳು. ರೇವವ್ವ ಗದ್ದಿಗೆಯ ಕಲ್ಲಿನ ಮೇಲೆ ಅಂಗೈ ಊರಿದಳು.

"ಇದರಾಗ ಒಂದ ಗಡಗಿ ಐತಿ. ಇಮಾಮುದ್ದೀನ ತಂದ ಗಡಗಿ. ಅದರಾಗ ಇಬ್ಬರ ಬೂದಿ ಐತಿ. ಯಾರದ್ಯಾವುದು ಅಂತ ಮಿಲಿಟ್ರಿಯವರಿಗೇ ತಿಳೀಲಿಲ್ಲ. ನಿಮ್ಮಪ್ಪಗ ಗೊತ್ತಿತ್ತು. ನಿಮಗೂ ಗೊತ್ತೈತಿ, ಗೌಡ್ರ. ನನ್ನ ಮಗ ಓಡಿದ್ರ ಇದರಾಗ ಹ್ಯಾಂಗ ಬಂದ?"

"ಸುಳ್ಳ! ಸುಳ್ಳ ಹೇಳತಾಳ!" ಗೌಡ ಊರಿನ ಕಡೆ ತಿರುಗಿದ. "ಸಾಕ್ಷಿ ಯಾರದಾರ? ಯಾರದಾರ ಕೇಳ್ರಿ!"

ಮೇಲಿನ ಓಣಿಯವರು ನೆಲ ನೋಡಿದರು. ಬಿಳಿ ಹಲಗೆ ಹಿಡಿದಿದ್ದ ಹುಡುಗರ ಕೈ ಸಡಿಲಾಗಿ, ಬೆಳಕು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಜಾರಿತು. ಅದು ಗೌರಕ್ಕನ ಮುಖದ ಮೇಲೆ ಬಂದು ನಿಂತಿತು. ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಆ ಗಡಗಿ ಅಗದಿ ಭಾರ ಇತ್ತು," ಎಂದಳು.

"ಯವ್ವಾ, ನೀ ಸುಮ್ನಿರು!"

"ಉಡ್ಯಾಗ ಇಟಗೊಂಡ ಕುಂತಿದ್ದೆ, ಕುಬೇರಾ. ನಿಮ್ಮಪ್ಪ ಕಸಗೊಂಡ ಹೋಗೂತನಕ ಇಟಗೊಂಡಿದ್ದೆ. ನಮ್ಮ ಮಡಿವಾಳ ಬಡಕಲ ಹುಡುಗ. ಒಬ್ಬಂದು ಅಷ್ಟ ಭಾರ ಇರಂಗಿಲ್ಲ." ಗೌರಕ್ಕ ಕೈ ಇಳಿಸಿದಳು. ರೇವವ್ವನ ಕಡೆ ನೋಡಲಿಲ್ಲ. ರೇವವ್ವನೂ ಅವಳ ಕಡೆ ನೋಡಲಿಲ್ಲ. ಆ ಒಂದು ಮಾತು ಬರಲು ಹತ್ತೊಂಬತ್ತು ವರ್ಷ ಹಿಡಿದಿತ್ತು. ಅದಕ್ಕೆ ಕೈ ಮುಗಿಯುವ ಮನಸ್ಸು ರೇವವ್ವನಿಗೆ ಇರಲಿಲ್ಲ.

ಫಕೀರವ್ವ ತಂಬಾಕು ಉಗುಳಿ ಎದ್ದಳು. "ಸ್ವಾಮಾರಕ್ಕೊಮ್ಮೆ ತೀರ್ಥ ಕುಡದೀರಿ ಗೌಡ್ರ. ಮಕ್ಕಳು ಮರಿ ಎಲ್ಲಾರೂ ಕುಡದೀರಿ. ನಮ್ಮ ಗುಡದಪ್ಪ ನಿಮ್ಮ ಹೊಟ್ಟ್ಯಾಗ ಹೋಗಿ ಕುಂತಾನ. ಈಗ ಎಲ್ಲಿಗೆ ಓಡಸತೀರಿ ಅವನ್ನ?"

ರಾಮಪ್ಪ ನಕ್ಕ. ಅವನ ಹಿಂದೆ ಕೇರಿಯ ಗಂಡಸರು ನಕ್ಕರು. ನಿನ್ನೆ ಕಂದಕದಲ್ಲಿ ನಕ್ಕ ನಗು ಅಲ್ಲ. ನಗುತ್ತಲೇ ಅವರು ಬೇವಿನ ಮರದ ತನಕ ಬಂದು ನಿಂತರು.

ಗೌಡನ ಕುತ್ತಿಗೆಯ ನರ ಉಬ್ಬಿದವು. ಕೋಲು ಎತ್ತಿದ ಕೈ ಹಾಗೇ ಇತ್ತು. ಹೊಡೆದರೆ ಗದ್ದಿಗೆಯ ಮೇಲೆ ಹೊಡೆಯಬೇಕು. ಕೋಲು ಕೆಳಗಿಳಿಯಿತು. "ಅಯ್ಯನವರ!" ಎಂದು ಕಿರುಚಿದ. "ನೀರ ತರ್ರಿ! ಗೋಮೂತ್ರ ತರ್ರಿ! ಗದ್ದಿಗಿ ತೊಳೀರಿ ಮೊದಲ! ಈಕಿ ಮುಟ್ಟಿದ್ದೆಲ್ಲಾ ತೊಳೀರಿ!"

ಅಯ್ಯನವರು ಮುದುಕರು. ಹತ್ತೊಂಬತ್ತು ವರ್ಷ ಆ ಗದ್ದಿಗೆಗೆ ನೀರೆರೆದ ಕೈ. ತಂಬಿಗೆ ತುಂಬಿಕೊಂಡು ಕಟ್ಟೆಯ ಹತ್ತಿರ ಬಂದರು. ರೇವವ್ವ ಸರಿಯಲಿಲ್ಲ. ಅಯ್ಯನವರು ಅವಳನ್ನು ನೋಡಿದರು. ಅವಳ ಕೈ ಕೆಳಗಿನ ಕಲ್ಲನ್ನು ನೋಡಿದರು. ಕಲ್ಲಿನ ಕೆಳಗಿನ ಮಣ್ಣನ್ನು ನೋಡಿದರು. ತಂಬಿಗೆಯನ್ನು ಕಟ್ಟೆಯ ಅಂಚಿಗೆ ಇಟ್ಟರು. ಅವರ ದನಿಯಲ್ಲಿ ಚೇಷ್ಟೆ ಇರಲಿಲ್ಲ. ದಾರಿ ತಪ್ಪಿದವರು ದಾರಿ ಕೇಳುವ ಹಾಗೆ ಕೇಳಿದರು:

"ಗೌಡ್ರ, ಹೊರಗಂತೂ ತೊಳೀತೇನಿ. ಒಳಗ ಹ್ಯಾಂಗ ತೊಳೀಲಿ?"

ಗೌಡನ ಬಾಯಿ ತೆರೆಯಿತು. ತೆರೆದದ್ದು ತೆರೆದೇ ಇತ್ತು, ಸಪ್ಪಳ ಬರಲಿಲ್ಲ.

ರೇವವ್ವ ಗದ್ದಿಗೆಯ ಕಲ್ಲಿಗೆ ಬೆನ್ನು ಆನಿಸಿ ಕಾಲು ಚಾಚಿ ಕೂತಳು. ಬಿಸಿಲಿಗೆ ಕಲ್ಲು ಕೆಂಡದ ಹಾಗೆ ಕಾದಿತ್ತು. ಅವಳು ಬೆನ್ನು ತೆಗೆಯಲಿಲ್ಲ.